ಕಾಷಾಯಕ್ಕೆ ಮೊದಲಿನ ಸಂನ್ಯಾಸ: ವಕೀಲ ಕುದ್ಮುಲ್ ರಂಗರಾಯರ ಬದುಕು

ಬೃಹದಾರಣ್ಯಕ ಉಪನಿಷತ್ತು ಆತ್ಮವನ್ನು ಅರಿತವರ ಲಕ್ಷಣವನ್ನು ಹೇಳುವಾಗ, ಅವರು ಮೂರು ಬಗೆಯ ಹಂಬಲಗಳನ್ನು ದಾಟಿ ಭಿಕ್ಷಾಚರ್ಯೆಗೆ ಹೊರಡುತ್ತಾರೆ ಎನ್ನುತ್ತದೆ. ಶಾಸ್ತ್ರದಲ್ಲಿ ಇವುಗಳಿಗೆ ಏಷಣಾತ್ರಯವೆಂದು ಹೆಸರು. ಸಂತಾನ ಬೆಳೆಯಬೇಕು, ಮನೆತನದ ಹೆಸರು ಉಳಿಯಬೇಕು ಎಂಬುದು ಪುತ್ರೈಷಣೆ. ಹಣವೂ ಆಸ್ತಿಯೂ ಕೂಡಬೇಕೆಂಬುದು ವಿತ್ತೈಷಣೆ. ಇಹದಲ್ಲಿ ಮನ್ನಣೆಯೂ ಪರದಲ್ಲಿ ಉತ್ತಮ ಗತಿಯೂ ದೊರೆಯಬೇಕೆಂಬುದು ಲೋಕೈಷಣೆ. ಯತಿಯಾಗುವವನು ಇವನ್ನು ತೊರೆದೆನೆಂದು ದೀಕ್ಷೆಯ ಹೊತ್ತಿಗೆ ಬಾಯಿಬಿಟ್ಟು ಸಂಕಲ್ಪಿಸುತ್ತಾನೆ. ಆದರೆ ಹೆಂಡತಿ ಮಕ್ಕಳೊಡನೆ ಬಾಳುತ್ತ, ಕಕ್ಷಿಗಾರರು ಕೊಡುವ ಫೀಸಿನಿಂದ ಸಂಸಾರ ನಡೆಸುತ್ತ, ಊರಿನವರ ಮುಂದೆ ಮರ್ಯಾದೆಯಿಂದ ತಲೆಯೆತ್ತಿ ನಡೆಯಬೇಕಾದ ವಕೀಲನೊಬ್ಬನು ಇವನ್ನು ದಾಟುವುದು ಸಾಧ್ಯವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಈ ಪ್ರಶ್ನೆಯನ್ನು ಕಾಸರಗೋಡಿನ ಈ ಸಭೆಯಲ್ಲಿ ಎತ್ತುವುದಕ್ಕೆ ವಿಶೇಷವಾದ ಕಾರಣವುಂಟು. ಮಂಗಳೂರಿನಲ್ಲಿ ವಕೀಲರಾಗಿದ್ದು, ದಲಿತರ ಶಿಕ್ಷಣಕ್ಕಾಗಿ ತಮ್ಮ ಬದುಕನ್ನೇ ತೆತ್ತ ಕುದ್ಮುಲ್ ರಂಗರಾಯರು ಹುಟ್ಟಿದ್ದು ಇದೇ ಊರಿನಲ್ಲಿ.

ರಂಗರಾಯರು 1859ರ ಜೂನ್ 29ರಂದು ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದಾಗ ಕಾಸರಗೋಡು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮುಂದೆ ಅದು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದು, 1956ರ ನವೆಂಬರ್ 1ರಂದು ಕೇರಳದ ಪಾಲಾಯಿತು. ಆ ತನಕ ಇಲ್ಲಿಯವರಿಗೆ ಓದಿಗೂ ಉದ್ಯೋಗಕ್ಕೂ ಕೋರ್ಟು ಕಚೇರಿಗೂ ಮಂಗಳೂರೇ ಜಿಲ್ಲಾ ಕೇಂದ್ರ. ಹದಿನಾರರ ಹರೆಯದಲ್ಲಿ ತಂದೆಯನ್ನು ಕಳೆದುಕೊಂಡು ಮನೆಯ ಹೊಣೆಗೆ ಹೆಗಲು ಕೊಡಬೇಕಾದ ಈ ಹುಡುಗನೂ ಅದೇ ದಾರಿಯಲ್ಲಿ ಮಂಗಳೂರಿಗೆ ಹೋಗಿ, ಮೊದಲು ಶಾಲಾ ಮಾಸ್ತರನಾಗಿ, ದುಡಿಯುತ್ತಲೇ ಓದಿ, ಪ್ಲೀಡರ್ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಕಾನೂನಿನ ಪದವಿ ಪಡೆಯದಿದ್ದರೂ ಸರ್ಕಾರ ನಡೆಸುತ್ತಿದ್ದ ಪರೀಕ್ಷೆಯಲ್ಲಿ ಗೆದ್ದು ಜಿಲ್ಲೆಯ ನ್ಯಾಯಾಲಯಗಳಲ್ಲಿ ವಾದಿಸುವ ಹಕ್ಕು ಪಡೆದವರನ್ನು ಆ ಕಾಲದಲ್ಲಿ ಪ್ಲೀಡರ್ ಎನ್ನುತ್ತಿದ್ದರು. ಜಮೀನಿನ ತಗಾದೆಗಳು ಯಥೇಚ್ಛವಾಗಿದ್ದ ಕರಾವಳಿಯಲ್ಲಿ ಆ ವೃತ್ತಿಯಿಂದ ಸಂಪನ್ನನಾಗುವುದು ಕಷ್ಟವೇನೂ ಆಗಿರಲಿಲ್ಲ.

ಅವರ ದಾರಿ ಬೇರೆಯಾದುದಕ್ಕೆ ಎರಡು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು ಬ್ರಹ್ಮಸಮಾಜ. ರಾಜಾರಾಮ ಮೋಹನ ರಾಯರು 1828ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ, ಏಕದೇವೋಪಾಸನೆಯನ್ನು ಬೋಧಿಸುವ, ವಿಗ್ರಹಾರಾಧನೆಯನ್ನೂ ಜಾತಿಭೇದವನ್ನೂ ಒಪ್ಪದ ಈ ಪಂಥವು 1870ರಲ್ಲಿ ಮಂಗಳೂರಿನಲ್ಲಿ ಬೇರೂರಿತು. ಅದರ ಮುಂದಾಳುಗಳಲ್ಲಿ ಒಬ್ಬರಾದ ಉಲ್ಲಾಳ ರಘುನಾಥಯ್ಯನವರ ಪ್ರಭಾವ ರಂಗರಾಯರ ಮೇಲೆ ಗಾಢವಾಗಿತ್ತು. ದೇವಸ್ಥಾನದ ಉತ್ಸವಗಳಲ್ಲೇ ಭಕ್ತಿಯನ್ನು ಕಾಣುವ ಜನರ ಸಭೆಯಲ್ಲಿ ಅಂಥ ಪಂಥದವರನ್ನು ಕೊಂಡಾಡುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಬ್ರಹ್ಮಸಮಾಜದವರು ಸ್ಫೂರ್ತಿ ಪಡೆದದ್ದು ಉಪನಿಷತ್ತುಗಳಿಂದಲೇ. ಗೀತೆಯ ಐದನೆಯ ಅಧ್ಯಾಯವು ವಿದ್ಯಾವಿನಯಸಂಪನ್ನನಾದ ಬ್ರಾಹ್ಮಣನಲ್ಲೂ ಶ್ವಪಾಕನಲ್ಲೂ, ಎಂದರೆ ಅಂತ್ಯಜನೆಂದು ದೂರವಿಟ್ಟವನಲ್ಲೂ, ಪಂಡಿತನಾದವನು ಒಂದೇ ವಸ್ತುವನ್ನು ಕಾಣುತ್ತಾನೆ ಎಂದು ಸಾರುತ್ತದೆ. ಆ ಶ್ಲೋಕವನ್ನು ನಿತ್ಯ ಪಾರಾಯಣ ಮಾಡುತ್ತಿದ್ದ ಊರುಗಳಲ್ಲಿಯೇ, ಅದು ಯಾರನ್ನು ಕುರಿತು ಹೇಳಿತೋ ಅವರು ದೇವಸ್ಥಾನದ ಒಳಗೆ ಕಾಲಿಡಲು ಮದರಾಸು ಪ್ರಾಂತ್ಯದ 1947ರ ದೇವಾಲಯ ಪ್ರವೇಶ ಕಾಯಿದೆಯವರೆಗೆ ಕಾಯಬೇಕಾಯಿತು. ಈ ಲೆಕ್ಕದಲ್ಲಿ ಶ್ಲೋಕದ ಅರ್ಥವನ್ನು ಹಿಡಿದವರು ಯಾರೆಂಬುದು ಸ್ಪಷ್ಟ.

ಎರಡನೆಯ ಕಾರಣ ಅವರ ವೃತ್ತಿಯಿಂದಲೇ ಬಂದಿತು. ಬೆಂದೂರು ಬಾಬು ಎಂಬ ದಲಿತ ಯುವಕನು ಅಲ್ಪಸ್ವಲ್ಪ ಓದಿ ನ್ಯಾಯಾಲಯದಲ್ಲಿ ಜವಾನನ ಕೆಲಸ ಪಡೆದಾಗ ಮೇಲ್ಜಾತಿಯವರಿಂದ ತೀವ್ರವಾದ ವಿರೋಧ ಬಂದಿತೆಂದೂ, ಆ ಪ್ರಕರಣವು ರಂಗರಾಯರ ಮನಸ್ಸನ್ನು ಅಲ್ಲಾಡಿಸಿತೆಂದೂ ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ನ್ಯಾಯವನ್ನು ಹಂಚುವ ಕಟ್ಟಡದ ಬಾಗಿಲಲ್ಲಿಯೇ ಇಂಥದು ನಡೆದುದನ್ನು ಕಂಡ ವಕೀಲನಿಗೆ ಒಂದು ಸತ್ಯ ಹೊಳೆದಿರಬೇಕು: ಓದು ಬಾರದವನಿಗೆ ಹಕ್ಕಿದೆಯೆಂದು ವಾದಿಸಿ ಗೆದ್ದರೂ, ಆ ಹಕ್ಕನ್ನು ಉಳಿಸಿಕೊಳ್ಳುವ ಬಲ ಅವನಿಗೆ ಬರುವುದಿಲ್ಲ.

1892ರಲ್ಲಿ ಅವರು ಮಂಗಳೂರಿನ ಉರ್ವಾ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಡಾ. ಅಂಬೇಡ್ಕರರು ಹುಟ್ಟಿ ಆಗ ಒಂದು ವರ್ಷವಷ್ಟೇ ಕಳೆದಿತ್ತೆಂಬುದನ್ನು ನೆನೆದರೆ ಈ ಕೆಲಸ ಎಷ್ಟು ಮುಂಚಿನದೆಂದು ತಿಳಿಯುತ್ತದೆ. ಶಾಲೆಗೆ ಜಾಗ ಸಿಗುವುದು ಕಷ್ಟವಾಯಿತು, ಕಲಿಸಲು ಹಿಂದೂ ಮಾಸ್ತರರು ಸಿಗುವುದು ಅದಕ್ಕಿಂತ ಕಷ್ಟವಾಯಿತು. ಕ್ರೈಸ್ತ ಉಪಾಧ್ಯಾಯರು ಬಂದು ಪಾಠ ಹೇಳಿದರು. ಒಡೆಯನ ಗದ್ದೆಯಲ್ಲಿ ಮಗುವಿನ ದುಡಿಮೆಯೂ ಕುಟುಂಬದ ಗಂಜಿಗೆ ಬೇಕಾಗಿದ್ದ ಕಾಲವಾದುದರಿಂದ ಶಾಲೆಗೆ ಕಳುಹಿಸಿರೆಂಬ ಉಪದೇಶವೊಂದೇ ಸಾಲುತ್ತಿರಲಿಲ್ಲ. ಇದನ್ನರಿತ ರಂಗರಾಯರು ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ, ಹಾಜರಾದವರಿಗೆ ಪುಡಿಗಾಸನ್ನೂ ಕೊಡುವ ಏರ್ಪಾಡು ಮಾಡಿದರು. 1897ರಲ್ಲಿ ಈ ಎಲ್ಲ ಕೆಲಸವನ್ನು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯಾಗಿ ಕಟ್ಟಿದರು. ತುಳಿತಕ್ಕೆ ಒಳಗಾದ ವರ್ಗಗಳ ಸೇವಾಸಂಘವೆಂಬುದು ಅದರ ತಾತ್ಪರ್ಯ. ಶಾಲೆಗಳು ಮಂಗಳೂರಿನ ಆಚೆಗೂ ಹಬ್ಬಿದವು. ನೇಯ್ಗೆ, ಬಡಗಿ ಕೆಲಸ ಮುಂತಾದ ಕಸುಬುಗಳ ತರಬೇತಿ, ಹುಡುಗರಿಗೆ ವಸತಿ, ನೆಲೆಯಿಲ್ಲದ ಕುಟುಂಬಗಳಿಗೆ ಮನೆಯ ಜಾಗ ಇವೆಲ್ಲ ಒಂದೊಂದಾಗಿ ಸೇರಿಕೊಂಡವು. ಸ್ಥಳೀಯ ಆಡಳಿತದ ಸಭೆಗಳಲ್ಲಿ ದಲಿತರೇ ಕುಳಿತು ಮಾತಾಡಬೇಕೆಂದೂ ಅವರು ಹೋರಾಡಿದರು. ಈ ಕೊನೆಯ ಅಂಶವೇ ಅವರ ಸೇವೆಯನ್ನು ದಾನಧರ್ಮದ ಮಟ್ಟದಿಂದ ಮೇಲಕ್ಕೆ ಒಯ್ಯುತ್ತದೆ, ಏಕೆಂದರೆ ಅನ್ನ ಕೊಡುವ ಅನೇಕರು ಪಕ್ಕದ ಕುರ್ಚಿಯನ್ನು ಕೊಡಲು ಒಪ್ಪುವುದಿಲ್ಲ. ಇಷ್ಟಕ್ಕೆಲ್ಲ ವಕೀಲಿಕೆಯ ಗಳಿಕೆ ಹರಿದುಹೋದಾಗ ವಿತ್ತೈಷಣೆ ಯಾವ ಸಂಕಲ್ಪವಿಧಿಯೂ ಇಲ್ಲದೆ ಕರಗಿತು.

ಇದರ ಬೆಲೆಯನ್ನು ರಂಗರಾಯರೊಬ್ಬರೇ ತೆರಲಿಲ್ಲ. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಬಹಿಷ್ಕಾರವೆಂದರೆ ಊಟ, ಮದುವೆ, ದೇವಕಾರ್ಯಗಳಿಂದ ಹೊರಗಿಡುವುದಷ್ಟೇ ಆಗಿರದೆ ಊರಿನ ನಿತ್ಯದ ಬಳಕೆಯನ್ನೇ ಕತ್ತರಿಸುವ ಶಿಕ್ಷೆ. ಕ್ಷೌರಿಕರು ಕೂಡ ಆ ಮನೆಗೆ ಬರುತ್ತಿರಲಿಲ್ಲವೆಂದು ಹೇಳುತ್ತಾರೆ. ಮನೆಯ ಯಜಮಾನನಿಗೆ ತನ್ನ ಆದರ್ಶದ ಸಮಾಧಾನವಾದರೂ ಇರುತ್ತದೆ, ಆದರೆ ಅಡುಗೆಮನೆಯಿಂದ ಬಾವಿಕಟ್ಟೆಯವರೆಗೆ ಆ ಏಕಾಂತವನ್ನು ದಿನದಿನವೂ ಉಂಡವರು ಪತ್ನಿ ರುಕ್ಮಿಣಿಯಮ್ಮನವರು ಮತ್ತು ಮಕ್ಕಳು. ಸುಧಾರಕರ ಚರಿತ್ರೆಗಳಲ್ಲಿ ಇಂಥ ಹೆಂಗಸರಿಗೆ ಒಂದು ಸಾಲೂ ಸರಿಯಾಗಿ ದೊರೆಯದಿರುವುದು ಅನ್ಯಾಯವೇ ಸರಿ. ಧರ್ಮಶಾಸ್ತ್ರವು ಪತ್ನಿಯನ್ನು ಸಹಧರ್ಮಿಣಿ ಎನ್ನುತ್ತದೆ. ಈ ಮನೆಯಲ್ಲಿ ಆ ಮಾತು ಅಕ್ಷರಶಃ ಸಂದಿತ್ತು.

ಸಮಾಜಕ್ಕೆ ಹೇಳಿದ್ದನ್ನು ರಂಗರಾಯರು ತಮ್ಮ ಮನೆಯಲ್ಲಿಯೂ ಮಾಡಿದರು. ಎಳವೆಯಲ್ಲಿಯೇ ವಿಧವೆಯಾದ ಮಗಳು ರಾಧಾಬಾಯಿಯನ್ನು ಮೂಲೆಯಲ್ಲಿ ಕೂರಿಸದೆ ಓದಿಸಿ, ಬೇರೆ ಜಾತಿಯವರೂ ತಮಿಳರೂ ಆದ ಕುಮಾರಮಂಗಲದ ಜಮೀನ್ದಾರ ಡಾ. ಪಿ. ಸುಬ್ಬರಾಯನ್ ಅವರಿಗೆ ಮದುವೆ ಮಾಡಿಕೊಟ್ಟರು. ವಿಧವಾ ವಿವಾಹಕ್ಕೆ ಕಾನೂನಿನ ಮಾನ್ಯತೆ ದೊರೆತದ್ದು 1856ರಲ್ಲಿ. ಆದರೆ ಕಾಯಿದೆ ಬಂದ ಮಾತ್ರಕ್ಕೆ ಊರು ಒಪ್ಪುವುದಿಲ್ಲವೆಂಬುದನ್ನು ವಕೀಲರಿಗಿಂತ ಚೆನ್ನಾಗಿ ಅರಿತವರಿಲ್ಲ. ರಾಧಾಬಾಯಿಯವರು ಮುಂದೆ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಹೋದರು, 1938ರಲ್ಲಿ ಕೇಂದ್ರ ಶಾಸನಸಭೆಯ ಮೇಲ್ಮನೆಯಾದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದ ಮೊದಲ ಮಹಿಳೆಯಾದರು. ಅವರ ಮಕ್ಕಳಲ್ಲಿ ಪಿ. ಪಿ. ಕುಮಾರಮಂಗಲಂ ಭಾರತದ ಭೂಸೇನೆಯ ಮುಖ್ಯಸ್ಥರಾದರೆ, ಮೋಹನ್ ಕುಮಾರಮಂಗಲಂ ಅಜ್ಜನಂತೆಯೇ ನ್ಯಾಯವಾದಿಯಾಗಿ, ಮುಂದೆ ಕೇಂದ್ರ ಸಚಿವರಾದರು. ಮಗಳು ಪಾರ್ವತಿ ಕೃಷ್ಣನ್ ಕಮ್ಯುನಿಸ್ಟ್ ಪಕ್ಷದಿಂದ ಸಂಸತ್ತಿಗೆ ಹೋದರು. ವಂಶದ ಮರ್ಯಾದೆ ಮುಳುಗಿತೆಂದು ಊರವರು ಆಡಿಕೊಂಡ ಮನೆಯ ಕಥೆ ಹೀಗೆ ಬೆಳೆಯಿತು.

ಸುಬ್ಬರಾಯನ್ ಅವರು 1926ರಿಂದ 1930ರವರೆಗೆ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಗಳಾಗಿದ್ದರು. ಸರ್ಕಾರದಿಂದ ರಾವ್ ಸಾಹೇಬ್ ಬಿರುದೂ ರಂಗರಾಯರಿಗೆ ಆಗಲೇ ಸಂದಿತ್ತು. ಅಳಿಯನ ಅಧಿಕಾರದ ನೆರಳಿನಲ್ಲಿ ಸುಖವಾಗಿ ಮುಪ್ಪನ್ನು ಕಳೆಯಬಹುದಾಗಿದ್ದ ಆ ಹೊತ್ತಿನಲ್ಲಿಯೇ, 1927ರಲ್ಲಿ, ಅವರು ಕಾಷಾಯವನ್ನುಟ್ಟು ಸ್ವಾಮಿ ಈಶ್ವರಾನಂದರಾದರು. ಮಿಷನ್ನಿನ ಹೊಣೆಯನ್ನು, ಗೋಖಲೆಯವರು ಸ್ಥಾಪಿಸಿದ ಭಾರತ ಸೇವಕ ಸಮಾಜಕ್ಕೆ ಒಪ್ಪಿಸಿದ್ದರು. ಗೀತೆಯ ಆರನೆಯ ಅಧ್ಯಾಯವು ಕರ್ಮಫಲವನ್ನು ನೆಚ್ಚದೆ ಮಾಡಬೇಕಾದುದನ್ನು ಮಾಡುವವನೇ ಸಂನ್ಯಾಸಿಯೆಂದೂ, ಅಗ್ನಿಯನ್ನು ಬಿಟ್ಟ ಮಾತ್ರಕ್ಕೆ ಯಾರೂ ಸಂನ್ಯಾಸಿಯಾಗುವುದಿಲ್ಲವೆಂದೂ ಹೇಳುತ್ತದೆ. ಇಲ್ಲಿ ಅಗ್ನಿಯೆಂದರೆ ಗೃಹಸ್ಥನು ನಿತ್ಯಕರ್ಮಕ್ಕಾಗಿ ಕಾಯ್ದುಕೊಳ್ಳುವ ಹೋಮಾಗ್ನಿ. ಈ ಅಳತೆಯಲ್ಲಿ ನೋಡಿದರೆ ರಂಗರಾಯರ ದೀಕ್ಷೆ 1892ರಲ್ಲಿಯೇ ಆಗಿತ್ತು, 1927ರಲ್ಲಿ ಬಟ್ಟೆ ಬದಲಾಯಿತು.

1928ರ ಜನವರಿ 30ರಂದು ಅವರು ದೇಹವಿಟ್ಟರು. ತಮ್ಮ ಶವವನ್ನು ದಲಿತ ಬಂಧುಗಳೇ ಹೊರಬೇಕೆಂಬುದು ಅವರ ಕಡೆಯ ಇಚ್ಛೆಯಾಗಿತ್ತು. ಮಂಗಳೂರಿನ ಬಾಬುಗುಡ್ಡೆಯಲ್ಲಿರುವ ಸಮಾಧಿಯ ಮೇಲೆ ಅವರ ಹಂಬಲವೊಂದನ್ನು ಕೆತ್ತಿದ್ದಾರೆ: ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಇದೇ ದಾರಿಯಲ್ಲಿ ಕಾರಿನಲ್ಲಿ ಹೋಗುವಾಗ ಅದರ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂಬುದು ಅದರ ಭಾವ. ಇದನ್ನೂ ಏಷಣೆಯೆನ್ನುವುದಾದರೆ, ಉಪನಿಷತ್ತು ಎಣಿಸಿದ ಮೂರರಲ್ಲಿ ಇದಕ್ಕೆ ಜಾಗವಿಲ್ಲ. 1934ರಲ್ಲಿ ಹರಿಜನ ಯಾತ್ರೆಯ ನಡುವೆ ಮಂಗಳೂರಿಗೆ ಬಂದ ಗಾಂಧೀಜಿ ರಂಗರಾಯರ ಕೆಲಸವನ್ನು ಮನಸಾರೆ ಹೊಗಳಿದರು.

ರಂಗರಾಯರ ದಾರಿ ಹಿಡಿಯುವ ವಕೀಲರಿಗೆ ಇಂದು ಕಾನೂನಿನ ಬೆಂಬಲವೂ ಉಂಟು. ಸಂವಿಧಾನದ 39ಎ ವಿಧಿಯು ಬಡವರಿಗೆ ಉಚಿತ ಕಾನೂನು ನೆರವನ್ನು ಒದಗಿಸುವ ಹೊಣೆಯನ್ನು ಸರ್ಕಾರದ ಮೇಲಿಟ್ಟಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಪರಿಶಿಷ್ಟ ಜಾತಿ ಪಂಗಡದವರೂ, ಮಹಿಳೆಯರೂ, ಮಕ್ಕಳೂ ಆದಾಯದ ಮಿತಿಯಿಲ್ಲದೆ ಆ ನೆರವಿಗೆ ಅರ್ಹರು. ಆ ಪಂಗಡಗಳಲ್ಲಿ ಒಂದಾದ ಕೊರಗ ಸಮುದಾಯ ಕೇರಳದಲ್ಲಿ ನೆಲೆಸಿರುವುದು ಕಾಸರಗೋಡು ಜಿಲ್ಲೆಯಲ್ಲಿ, ಅದರಲ್ಲೂ ಕಾಸರಗೋಡು ಮಂಜೇಶ್ವರಗಳ ಕಡೆ. ಮನೆಮಾತಾಗಿ ಕೊರಗ, ತುಳು ಆಡುವ ಈ ಜನರಿಗೆ ಮಲೆಯಾಳದಲ್ಲಿ ಬಂದ ನೋಟೀಸಿನ ಅರ್ಥವನ್ನು ಬಿಡಿಸಿ ಹೇಳಲು, ಭೂಮಿಯ ಪಟ್ಟೆಗೂ ಜಾತಿ ಪ್ರಮಾಣಪತ್ರಕ್ಕೂ ಅರ್ಜಿ ಬರೆದುಕೊಡಲು, ತುಳುವನ್ನೂ ಮಲೆಯಾಳವನ್ನೂ ಬಲ್ಲ ಇಲ್ಲಿಯ ವಕೀಲರಿಗಿಂತ ಯೋಗ್ಯರು ಬೇರೆಯಿಲ್ಲ. ಈ ಸಭೆಯಲ್ಲಿರುವ ನ್ಯಾಯವಾದಿಗಳು ಕೋರ್ಟಿಗೆ ರಜೆಯಿರುವ ದಿನಗಳಲ್ಲಿ ಅವರ ಕಾಲನಿಗಳಿಗೆ ಹೋಗಿಬರುವ ಮನಸ್ಸು ಮಾಡಬೇಕು, ಅವರ ಮನೆಯವರು ಅದಕ್ಕೆ ಅಡ್ಡಿಯಾಗದೆ ಜೊತೆಯಾಗಬೇಕು.