ಹಕ್ಕಿಯ ಕಣ್ಣು ಮತ್ತು ಉಳಿದದ್ದು

ಸ್ನೈಪರ್ ಎಂದೊಡನೆ ನಮ್ಮ ಮನಸ್ಸು ಅವನು ಹಾರಿಸುವ ಗುಂಡಿನ ಕಡೆಗೆ ಓಡುತ್ತದೆ. ಆದರೆ ಅವನ ದಿನವನ್ನು ತುಂಬುವುದು ಗುಂಡೇ? ಹುಲ್ಲಿನಲ್ಲೋ ಕೆಸರಿನಲ್ಲೋ ಬೆಳಗಿನಿಂದ ಬೈಗಿನವರೆಗೆ ಬೋರಲು ಬಿದ್ದು ಅವನು ಮಾಡುವ ಕೆಲಸ ನೋಡುವುದು, ಕಂಡದ್ದನ್ನು ಬರೆದಿಡುವುದು, ಮತ್ತೆ ನೋಡುವುದು. ಈಡು ಹೊಡೆಯದೆಯೇ ಮುಗಿಯುವ ದಿನಗಳು ಅವನ ಪಾಲಿಗೆ ಸಾಮಾನ್ಯ. ಇಂಥವರನ್ನು ತಯಾರು ಮಾಡುವ ಶಾಲೆಗಳಲ್ಲಿ ಇಂದಿಗೂ ಆಡಿಸುವ ಒಂದು ಆಟವಿದೆ. ತಟ್ಟೆಯ ಮೇಲೆ ಗುಂಡಿ, ಬೀಗದ ಕೈ, ಖಾಲಿ ತೋಟಾ, ಪೆನ್ಸಿಲ್ ತುಂಡು ಎಂದು ಒಂದಿಷ್ಟು ಸಾಮಾನು ಹರಡಿ, ಸ್ವಲ್ಪ ಹೊತ್ತು ತೋರಿಸಿ ಮುಚ್ಚಿಬಿಡುತ್ತಾರೆ. ಕಂಡವನು ಪ್ರತಿಯೊಂದನ್ನೂ ಬರೆಯಬೇಕು. ಗುಂಡಿಯ ಅಂಚು ಮುಕ್ಕಾಗಿದ್ದರೆ ಅದನ್ನೂ ಬಿಡುವಂತಿಲ್ಲ. ಆಟಕ್ಕೆ ‘ಕಿಮ್ಸ್ ಗೇಮ್’ ಎಂದು ಹೆಸರು. 1901ರಲ್ಲಿ ಬಂದ ಕಿಪ್ಲಿಂಗನ ‘ಕಿಮ್’ ಕಾದಂಬರಿಯ ಹುಡುಗ ಶಿಮ್ಲಾದ ಅಂಗಡಿಯೊಂದರಲ್ಲಿ ತಟ್ಟೆಯ ಮೇಲಿನ ರತ್ನದ ಕಲ್ಲುಗಳನ್ನು ನೋಡಿ ನೆನಪಿಡುವುದನ್ನು ಕಲಿಯುತ್ತಾನಲ್ಲ, ಅಲ್ಲಿಂದ ಬಂದ ಆಟ ಅದು.

ಕೊಲ್ಲುವ ವಿದ್ಯೆ ನೋಡುವ ವಿದ್ಯೆಯಿಂದ ಶುರುವಾಗುವುದು ನಮಗೆ ವಿಚಿತ್ರವೆನಿಸಬೇಕು. ಏಕೆಂದರೆ ನೋಡುವುದನ್ನು ನಾವು ಸಾಮಾನ್ಯವಾಗಿ ಪ್ರೀತಿಯ ಪಕ್ಕದಲ್ಲಿ ಇಟ್ಟಿದ್ದೇವೆ. ತಾಯಿ ಮಗುವನ್ನು ನೋಡುವುದು, ವೈದ್ಯ ರೋಗಿಯನ್ನು ನೋಡುವುದು, ಭಕ್ತ ದೇವರನ್ನು ನೋಡುವುದು. ಇವರಲ್ಲಿ ಯಾರೂ ಶತ್ರುವಿನ ಕಂದಕವನ್ನು ನೋಡುವ ಸ್ನೈಪರ್‌ನಷ್ಟು ಹೊತ್ತು, ಅಷ್ಟು ತಾಳ್ಮೆಯಿಂದ ನೋಡಿರಲಾರರು.

ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರಿಗೆ ಈ ವಿದ್ಯೆಯನ್ನು ಶಾಸ್ತ್ರವಾಗಿ ಕಟ್ಟಿಕೊಟ್ಟವರಲ್ಲಿ ಹೆಸ್ಕೆತ್ ಪ್ರಿಚರ್ಡ್ ಮುಖ್ಯನು. 1916ರಲ್ಲಿ ಫ್ರಾನ್ಸಿನ ಲಿಂಗೆಮ್ ಎಂಬ ಹಳ್ಳಿಯಲ್ಲಿ ಅವನು ನಡೆಸಿದ ಶಾಲೆಯ ಹೆಸರಿನಲ್ಲೇ ಗುಂಡಿನ ಜೊತೆಗೆ ‘ವೀಕ್ಷಣೆ’ಯೂ ಇತ್ತು. ಕಾಗದದ ಮುದ್ದೆಯಿಂದ ಮಾಡಿದ ಮನುಷ್ಯನ ತಲೆಯನ್ನು ಕಂದಕದ ಮೇಲಕ್ಕೆ ಎತ್ತಿ ತೋರಿಸುವುದು, ಗುಂಡು ಅದನ್ನು ತೂರಿ ಹೋದ ಮೇಲೆ ಆ ಎರಡು ತೂತುಗಳ ಗೆರೆ ಹಿಡಿದು ಹೊಡೆದವನು ಎಲ್ಲಿ ಅಡಗಿದ್ದಾನೆಂದು ಕಂಡುಹಿಡಿಯುವುದು ಅವನು ಬಳಸಿದ ಉಪಾಯ. ಅವನ ನೆನಪುಗಳಲ್ಲಿ ಒಂದು ಬೆಕ್ಕು ಬರುತ್ತದೆ. ಜರ್ಮನ್ ಕಂದಕದ ಮೇಲೆ ಚೆನ್ನಾಗಿ ಸಾಕಿದಂತಿದ್ದ ಬೆಕ್ಕೊಂದು ಬಿಸಿಲು ಕಾಯಿಸುವುದನ್ನು ದುರ್ಬೀನಿನಲ್ಲಿ ಕಂಡರಂತೆ. ಸಾಮಾನ್ಯ ಸಿಪಾಯಿಯ ಬಳಿ ಅಂಥ ಬೆಕ್ಕು ಇರಲಾರದು, ಕೆಳಗೆ ಅಧಿಕಾರಿಗಳ ಬಿಡಾರವೇ ಇರಬೇಕು ಎಂದು ಲೆಕ್ಕ ಹಾಕಿದರು. ಆ ಜಾಗದ ಮೇಲೆ ಫಿರಂಗಿ ಗುಂಡುಗಳು ಬಿದ್ದವು. ಇದೇ ಮನುಷ್ಯ ಯುದ್ಧಕ್ಕೆ ಮುಂಚೆ ಬೂದು ಸೀಲ್‌ಗಳ ಬೇಟೆಗೆ ಕಡಿವಾಣ ಬೀಳಬೇಕೆಂದು ಹೋರಾಡಿದವನು. ಬ್ರಿಟನ್ನಿನ 1914ರ ಸೀಲ್ ರಕ್ಷಣಾ ಕಾಯ್ದೆಯ ಹಿಂದೆ ಅವನ ಶ್ರಮವಿದೆ. ಸೀಲ್‌ನ ಮೇಲಿನ ಕರುಣೆಗೂ ಬೆಕ್ಕಿನ ಮೇಲಿನ ಲೆಕ್ಕಾಚಾರಕ್ಕೂ ಬಳಕೆಯಾದದ್ದು ಒಂದೇ ಜೋಡಿ ಕಣ್ಣು. ಇದನ್ನು ವಿರೋಧಾಭಾಸ ಎಂದು ಕರೆದು ಮುಂದೆ ಹೋಗುವುದು ಸುಲಭ. ಆದರೆ ನಮ್ಮ ಸೂಕ್ಷ್ಮತೆಯೂ ಎಷ್ಟು ಬಾರಿ ಹೀಗೆಯೇ ಎರಡು ಕಡೆಗೆ ದುಡಿದಿಲ್ಲ?

ಏಕಾಗ್ರತೆಯ ಮಾತು ಬಂದಾಗ ನಾವು ಮಕ್ಕಳಿಗೆ ಹೇಳುವುದು ದ್ರೋಣರ ಪರೀಕ್ಷೆಯ ಕಥೆ. ಮರದ ಮೇಲೆ ಹಕ್ಕಿ. ಏನು ಕಾಣುತ್ತದೆ ಎಂದು ಗುರುಗಳ ಪ್ರಶ್ನೆ. ಧರ್ಮರಾಯನಿಗೆ ಮರ, ಹಕ್ಕಿ, ತಮ್ಮಂದಿರು, ಗುರುಗಳು ಎಲ್ಲ ಕಂಡರು. ಅವನನ್ನು ಪಕ್ಕಕ್ಕೆ ಸರಿಸಲಾಯಿತು. ಅರ್ಜುನನಿಗೆ ಹಕ್ಕಿಯ ಹೊರತು ಏನೂ ಕಾಣಲಿಲ್ಲ, ಅವನು ಗೆದ್ದ. ತಲೆಮಾರುಗಳಿಂದ ನಾವು ಈ ಫಲಿತಾಂಶಕ್ಕೆ ತಲೆಯಾಡಿಸುತ್ತಲೇ ಬಂದಿದ್ದೇವೆ. ಆದರೆ ಆ ಹಕ್ಕಿ ಜೀವವಿದ್ದ ಹಕ್ಕಿಯಾಗಿರಲಿಲ್ಲ. ದ್ರೋಣರು ಕುಶಲಕರ್ಮಿಗಳಿಂದ ಮಾಡಿಸಿ ಇಡಿಸಿದ ಬೊಂಬೆ ಅದು. ಬೊಂಬೆಯ ಮುಂದೆ ಉಳಿದ ಲೋಕವನ್ನು ಮರೆಯುವುದರಲ್ಲಿ ನಷ್ಟವೇನಿದೆ? ಎದುರಿಗೆ ಇರುವುದು ಉಸಿರಾಡುವ ಜೀವವಾದಾಗ ಆ ಇಬ್ಬರ ಉತ್ತರಗಳಲ್ಲಿ ಸರಿಯಾದದ್ದು ಯಾವುದು?

ಈ ಪ್ರಶ್ನೆಗೆ ಸಾಕ್ಷಿ ಹೇಳಬಲ್ಲವನು ಇಟಲಿಯ ಎಮಿಲಿಯೊ ಲುಸ್ಸು. ಸಾರ್ಡೀನಿಯಾ ದ್ವೀಪದವನು, ಸಸ್ಸಾರಿ ಬ್ರಿಗೇಡಿನ ಅಧಿಕಾರಿ. 1916ರಲ್ಲಿ ಆಸಿಯಾಗೊ ಪ್ರಸ್ಥಭೂಮಿಯಲ್ಲಿ ಕಳೆದ ಯುದ್ಧದ ದಿನಗಳನ್ನು ಅವನು 1938ರಲ್ಲಿ ಪುಸ್ತಕ ಮಾಡಿದ. ಅದರಲ್ಲಿ ಬರುವ ಒಂದು ಬೆಳಗು: ಅವನೂ ಒಬ್ಬ ಕಾರ್ಪೊರಲ್ಲನೂ ತೆವಳುತ್ತ ಆಸ್ಟ್ರಿಯನ್ ಕಂದಕದ ಹತ್ತಿರಕ್ಕೆ ಬಂದಿದ್ದಾರೆ. ಅಷ್ಟು ದಿನ ಮುಖವೇ ಇಲ್ಲದಿದ್ದ ವೈರಿಗಳು ಅಲ್ಲಿ ಕಾಫಿ ಕುಡಿಯುತ್ತಿದ್ದಾರೆ. ಇವರೂ ಕಾಫಿ ಕುಡಿಯುತ್ತಾರೆಯೇ ಎಂಬ ಅಚ್ಚರಿ ಅವನಿಗೆ. ಆಗ ಒಬ್ಬ ಎಳೆಯ ಅಧಿಕಾರಿ ಕಾಣಿಸಿಕೊಂಡು ಸಿಗರೇಟು ಹಚ್ಚುತ್ತಾನೆ. ಲುಸ್ಸುವಿಗೆ ಸಿಗರೇಟಿನ ಆಸೆಯಾಗುತ್ತದೆ. ಕೈಯಲ್ಲಿ ಕೋವಿಯಿದೆ, ಗುರಿ ಕದಲುತ್ತಿಲ್ಲ, ಕೊಲ್ಲುವುದು ಅವನ ಕರ್ತವ್ಯವೆಂಬುದರಲ್ಲೂ ಅವನಿಗೆ ಸಂದೇಹವಿಲ್ಲ. ಆದರೂ ಬೆರಳು ಬಗ್ಗುವುದಿಲ್ಲ. ನೀನು ಹೊಡೆಯುತ್ತೀಯಾ ಎಂದು ಕೇಳಿದರೆ ಕಾರ್ಪೊರಲ್ಲನೂ ಒಲ್ಲೆ ಎನ್ನುತ್ತಾನೆ. ಇಬ್ಬರೂ ಬಂದ ಹಾಗೆಯೇ ತೆವಳುತ್ತ ಹಿಂದಿರುಗುತ್ತಾರೆ.

ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್‌ನದೂ ಇಂಥದೇ ಅನುಭವ. ಸ್ಪೇನಿನ ಅಂತರ್ಯುದ್ಧದಲ್ಲಿ ಎದುರಾಳಿಯೊಬ್ಬ ಜಾರುವ ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಓಡುತ್ತಿದ್ದ, ಆರ್ವೆಲ್ ಹೊಡೆಯಲಿಲ್ಲ. ಫ್ಯಾಸಿಸ್ಟರನ್ನು ಹೊಡೆಯಲೆಂದು ಬಂದವನಿಗೆ ಪ್ಯಾಂಟು ಹಿಡಿದು ಓಡುವವನು ಫ್ಯಾಸಿಸ್ಟನಾಗಿ ಕಾಣಲಿಲ್ಲ. 1937ರ ಮೇ ತಿಂಗಳಲ್ಲಿ ಸ್ನೈಪರ್ ಒಬ್ಬನ ಗುಂಡು ಆರ್ವೆಲ್‌ನ ಗಂಟಲನ್ನೇ ತೂರಿಕೊಂಡು ಹೋಯಿತು. ಬದುಕಿಕೊಂಡ. ಕರುಣೆಗೆ ಪ್ರತಿಫಲ ಸಿಗುತ್ತದೆಂದು ಹೇಳುವವರು ಈ ಘಟನೆಯನ್ನು ಬಳಸಿಕೊಳ್ಳುವಂತಿಲ್ಲ, ಸಿಗುವುದಿಲ್ಲವೆಂದು ಹೇಳುವವರೂ ಅಷ್ಟೆ.

ಕಾಫಿ, ಸಿಗರೇಟು, ಜಾರುವ ಪ್ಯಾಂಟು. ಇವೆಲ್ಲ ಧರ್ಮರಾಯನಿಗೆ ಮಾತ್ರ ಕಾಣಬಹುದಾದ ಸಂಗತಿಗಳು. ಹಕ್ಕಿಯ ಕಣ್ಣಷ್ಟನ್ನೇ ನೋಡುವವನಿಗೆ ಇವು ಕಾಣುವುದೇ ಇಲ್ಲ. ಇನ್ನೂ ಒಂದು ಮಾತಿದೆ. ಕುರುಕ್ಷೇತ್ರದಲ್ಲಿ ಎರಡು ಸೇನೆಗಳ ನಡುವೆ ರಥ ನಿಂತಾಗ ಅರ್ಜುನನಿಗೆ ಕಂಡದ್ದೇನು? ಅಜ್ಜ, ಗುರು, ಅಣ್ಣತಮ್ಮಂದಿರು, ಮಾವಂದಿರು, ಮಕ್ಕಳು. ಎಳೆಯನಾಗಿದ್ದಾಗ ಅಣ್ಣ ಕೊಟ್ಟು ಸೋತಿದ್ದ ಉತ್ತರವನ್ನೇ ಗೆದ್ದ ಬಿಲ್ಲುಗಾರ ಈಗ ಕೊಡುತ್ತಿದ್ದಾನೆ. ಗಾಂಡೀವ ಕೈಯಿಂದ ಜಾರುತ್ತದೆ. ಅದನ್ನು ಮತ್ತೆ ಅವನ ಕೈಗೆ ಕೊಡಲು ಹದಿನೆಂಟು ಅಧ್ಯಾಯಗಳ ಗೀತೆಯೇ ಬೇಕಾಯಿತು. ಒಮ್ಮೆ ಪೂರ್ತಿ ನೋಡಿದ ಮೇಲೆ ಗುರಿ ಹಿಡಿಯುವುದು ಅಷ್ಟು ಕಷ್ಟ ಎಂಬುದನ್ನು ವ್ಯಾಸರಷ್ಟು ಚೆನ್ನಾಗಿ ಬಲ್ಲವರು ಯಾರು?

ಹಾಗಾದರೆ ಇಂದಿನ ರೈಫಲ್ ಏನು ಮಾಡುತ್ತಿದೆ? ಎದುರಿನವನನ್ನು ಕಣ್ಣಿಗೆ ಹತ್ತಿರ ತರುತ್ತ, ದೇಹದಿಂದ ದೂರ ಒಯ್ಯುತ್ತಿದೆ. ಅದರ ನಳಿಗೆ ಹಿಡಿಯ ಮುಂಭಾಗಕ್ಕೆ ಎಲ್ಲಿಯೂ ತಾಗದಂತೆ ಕೂರಿಸಿರುತ್ತಾರೆ. ತಾಗಿದರೆ ಗುಂಡು ಹೊರಡುವಾಗಿನ ಅದುರು ಒಂದೊಂದು ಸಲ ಒಂದೊಂದು ರೀತಿಯಾಗಿ ಗುರಿ ಕೆಡುತ್ತದೆ. ತಣ್ಣಗಿರುವ ನಳಿಗೆಯ ಮೊದಲ ಗುಂಡು ಎಲ್ಲಿ ಬೀಳುತ್ತದೆ ಎಂಬುದನ್ನು ಸ್ನೈಪರ್ ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡಿರುತ್ತಾನೆ, ಏಕೆಂದರೆ ಅವನಿಗೆ ಸಿಗುವುದು ಬಹುಮಟ್ಟಿಗೆ ಅದೊಂದೇ ಅವಕಾಶ. ಪಕ್ಕದಲ್ಲಿ ಮಲಗಿದ ಜೊತೆಗಾರ ಹುಲ್ಲಿನ ಬಾಗು, ಬಿಸಿಲ ಝಳದ ಅಲೆ ನೋಡಿ ಗಾಳಿಯನ್ನು ಓದುತ್ತಾನೆ. ಉಸಿರು ಹೊರಹೋಗಿ ಇನ್ನೂ ಒಳಬಾರದ ಆ ನಡುವಿನ ನಿಲುಗಡೆಯಲ್ಲಿ ಟ್ರಿಗರ್ ಮೇಲಿನ ಒತ್ತು ಪೂರ್ಣವಾಗಬೇಕು. ಪ್ರಾಣಾಯಾಮ ಬಲ್ಲವರಿಗೆ ಆ ನಿಲುಗಡೆಯ ಪರಿಚಯ ಬೇರೆ ಕಾರಣಕ್ಕೆ ಇದೆ.

ನಮ್ಮ ಸೈನ್ಯದಲ್ಲಿ ಬಹುಕಾಲ ಈ ಕೆಲಸಕ್ಕೆ ಇದ್ದದ್ದು ರಷ್ಯಾದ ಡ್ರಾಗುನೊವ್, 1963ರಲ್ಲಿ ಸೋವಿಯತ್ ಸೇನೆ ಒಪ್ಪಿಕೊಂಡ ಕೋವಿ. ಈಗ ಗಡಿಯಲ್ಲಿ ಅದಕ್ಕಿಂತ ಬಹುದೂರ ಹೊಡೆಯುವ, .338 ಲಾಪುವಾ ತೋಟಾದ ರೈಫಲ್‌ಗಳು ಬಂದಿವೆ. ಆ ಬಗೆಯದೊಂದನ್ನು ನಮ್ಮ ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಕಂಪನಿಯೂ ರೂಪಿಸಿದೆ. ಅಂಥ ಗುಂಡಿಗೆ ಒಂದು ಕಿಲೋಮೀಟರ್ ದಾಟಲು ಬೇಕಾಗುವುದು ಸುಮಾರು ಒಂದೂವರೆ ಸೆಕೆಂಡು. 2017ರಲ್ಲಿ ಇರಾಕಿನಲ್ಲಿ ಕೆನಡಾದ ಸ್ನೈಪರ್ ಒಬ್ಬ ಇನ್ನೂ ಭಾರಿಯಾದ ರೈಫಲ್ಲಿನಿಂದ 3,540 ಮೀಟರ್ ಆಚೆಗೆ ಹೊಡೆದಾಗ ಗುಂಡು ಗಾಳಿಯಲ್ಲಿ ಇದ್ದದ್ದು ಹತ್ತಿರ ಹತ್ತಿರ ಹತ್ತು ಸೆಕೆಂಡು. ನಮ್ಮ ಚಿಂತೆಗೆ ಬರಬೇಕಾದದ್ದು ಅಂದಿನ ಆ ದಾಖಲೆಯ ಉದ್ದವಲ್ಲ, ಆ ಹತ್ತು ಸೆಕೆಂಡುಗಳು. ಹೊಡೆದವನಿಗೆ ಇನ್ನು ಹಿಂತೆಗೆದುಕೊಳ್ಳಲಾಗದು, ಎದುರಿನವನಿಗೆ ಇನ್ನೂ ಗೊತ್ತಿಲ್ಲ. ಅವನು ಏನೋ ಹೇಳಲು ಬಾಯಿ ತೆರೆದಿರಬಹುದು, ಯಾರದೋ ನೆನಪು ಬಂದಿರಬಹುದು. ನಮ್ಮ ಎಷ್ಟು ಕೃತ್ಯಗಳು ಹೀಗೆ ನಮ್ಮ ಕೈ ಬಿಟ್ಟು, ಮುಟ್ಟಬೇಕಾದವರನ್ನು ಮುಟ್ಟದೆ, ನಡುದಾರಿಯಲ್ಲಿವೆ?

ಕಾಣುವವನು ತಾನು ಕಾಣಿಸದೆ ಇರುವುದು ಈ ಕೆಲಸದ ಇನ್ನೊಂದು ಮುಖ. ಸ್ಕಾಟ್ಲೆಂಡಿನ ಬೇಟೆ ಕಾವಲುಗಾರರು ಜಿಂಕೆಯ ಹಿಂದೆ ಹೋಗುವಾಗ ತೊಡುತ್ತಿದ್ದ ಚಿಂದಿ, ಹುಲ್ಲಿನ ಉಡುಪೇ ಸ್ನೈಪರ್‌ನ ಮೈಮೇಲೆ ಬಂದದ್ದು. ಬೇಟೆಗೆ ಸಲ್ಲುವ ಮರೆ ಯುದ್ಧಕ್ಕೂ ಸಲ್ಲುತ್ತದೆಯೇ? ಈ ಪ್ರಶ್ನೆ ನಮಗೆ ಹೊಸದಲ್ಲ. ಆನೆಗೊಂದಿ, ಹಂಪಿಗಳ ಬಂಡೆಗಳ ನಡುವೆಯೇ ಕಿಷ್ಕಿಂಧೆ ಇತ್ತೆಂದು ನಂಬಿಕೊಂಡು ಬಂದವರು ನಾವು. ಅಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳಿದ್ದೂ ಇದನ್ನೇ. ಕರಾವಳಿಯ ತಾಳಮದ್ದಳೆಗಳಲ್ಲಿ ಆ ವಾದ ಇನ್ನೂ ಮುಗಿದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ರಾಮನ ಪಕ್ಷದಲ್ಲಿ ಇದ್ದುಕೊಂಡೇ ಒಂದು ಗಳಿಗೆ ತಡವರಿಸಿದ್ದುಂಟು. ವಾಲ್ಮೀಕಿಯ ರಾಮ ಕೊಡುವ ಉತ್ತರಗಳಲ್ಲಿ ಒಂದು ಹೀಗಿದೆ: ನೀನು ವಾನರ, ಮೃಗವನ್ನು ಮರೆಯಲ್ಲಿ ನಿಂತು ಹೊಡೆಯುವುದು ರಾಜರಿಗೆ ದೋಷವಲ್ಲ. ತಮ್ಮನ ಹೆಂಡತಿಯನ್ನು ಅಪಹರಿಸಿದ್ದಕ್ಕೆ ಕೊಟ್ಟ ದಂಡನೆ ಎಂಬ ಮತ್ತೊಂದು ಉತ್ತರಕ್ಕೆ ನಾವು ಸಲೀಸಾಗಿ ಒಪ್ಪುತ್ತೇವೆ. ಮೊದಲನೆಯದು ಮಾತ್ರ ಗಂಟಲಲ್ಲಿ ನಿಲ್ಲುತ್ತದೆ. ತಪ್ಪು ಮಾಡಿದವನನ್ನು ದಂಡಿಸಲು ಅವನು ನಮ್ಮಂತೆ ಹೊಣೆ ಹೊರಬಲ್ಲವನಾಗಿರಬೇಕು; ಮರೆಯಲ್ಲಿ ನಿಂತು ಹೊಡೆಯಲು ಅವನು ನಮ್ಮಂತೆ ಇರಬಾರದು. ಎರಡನ್ನೂ ಒಟ್ಟಿಗೆ ಹೇಳಬಹುದೇ?

ಇಲ್ಲಿಗೆ ಬಂದಾಗ, ಪೂರ್ತಿ ನೋಡಿದವನು ಕೊಲ್ಲಲಾರ ಎಂದು ಮೇಲೆ ನಾವು ಹೆಚ್ಚುಕಡಿಮೆ ನಂಬಿದ್ದು ಕುಸಿಯುತ್ತದೆ. 1992ರ ಏಪ್ರಿಲ್‌ನಿಂದ 1996ರ ಫೆಬ್ರುವರಿಯವರೆಗೆ ಸರಾಯೆವೊ ನಗರ ಮುತ್ತಿಗೆಯಲ್ಲಿತ್ತು. ಅದರ ಮುಖ್ಯ ಬೀದಿಗೆ ‘ಸ್ನೈಪರ್ ಓಣಿ’ ಎಂಬ ಹೆಸರೇ ಬಿತ್ತು. ನೀರು ತರಲು, ರೊಟ್ಟಿ ತರಲು ಜನ ಓಡಿ ದಾಟುತ್ತಿದ್ದರು. ಸುತ್ತಲಿನ ಗುಡ್ಡಗಳಿಂದ, ಎತ್ತರದ ಕಟ್ಟಡಗಳಿಂದ ಗುಂಡು ಬರುತ್ತಿತ್ತು. ಆ ಕೋವಿಗಳ ದೂರದರ್ಶಕಗಳ ಗಾಜು ಮಸುಕಾಗಿರಲಿಲ್ಲ. ಮುದುಕಿ ಮುದುಕಿಯಾಗಿಯೇ, ಮಗು ಮಗುವಾಗಿಯೇ ಕಂಡಿರಬೇಕು. ಆದರೂ ಬೆರಳು ಬಗ್ಗಿತು. ಮುತ್ತಿಗೆ ಹಾಕಿದ ಸೇನೆಯ ಜನರಲ್ ಸ್ಟಾನಿಸ್ಲಾವ್ ಗಾಲಿಚ್‌ಗೆ ಹೇಗ್‌ನ ನ್ಯಾಯಮಂಡಳಿ ನಾಗರಿಕರಲ್ಲಿ ಭಯ ಬಿತ್ತಿದ್ದಕ್ಕಾಗಿ 2003ರಲ್ಲಿ ಇಪ್ಪತ್ತು ವರ್ಷದ ಶಿಕ್ಷೆ ಕೊಟ್ಟಿತು. 2006ರಲ್ಲಿ ಮೇಲ್ಮನವಿಯ ಪೀಠ ಅದನ್ನು ಜೀವಾವಧಿ ಮಾಡಿತು. ನೋಟ ಅಲ್ಲಿ ಸೋಲಲಿಲ್ಲ. ನೋಡುವ ಮೊದಲೇ, ಬಹುಶಃ ವರ್ಷಗಳ ಹಿಂದೆಯೇ, ಬೀದಿಯಲ್ಲಿ ಓಡುವವರು ಯಾರು ಎಂಬುದು ತೀರ್ಮಾನವಾಗಿಬಿಟ್ಟಿತ್ತು. ಲುಸ್ಸುವಿನ ಕೋವಿಯನ್ನು ತಡೆದದ್ದೂ ಬರಿಯ ನೋಟವಲ್ಲ. ತನಗೂ ಸಿಗರೇಟು ಬೇಕೆನಿಸಿದ್ದು.

ಹೀಗೆಂದು ಗಡಿಯಲ್ಲಿ ಮಲಗಿ ಕಾಯುವ ನಮ್ಮ ಸಿಪಾಯಿಗೆ ಉಪದೇಶ ಮಾಡುವ ಅಧಿಕಾರ, ಅವನ ಕಾವಲಿನ ನೆರಳಲ್ಲಿ ನಿದ್ರಿಸುವ ನಮಗೆ ಇಲ್ಲ. ದೇಶ ಕಾಯಲು ಕೊಲ್ಲಬೇಕಾಗಿ ಬಂದವರ ಮನಸ್ಸು ಹೇಗಿರುತ್ತದೆಂದು ತಿಳಿಯಬೇಕಾದರೆ ಫಿನ್ಲೆಂಡಿನ ಸಿಮೊ ಹಾಯ್ಹಾ ಎಂಬ ರೈತನ ಬದುಕನ್ನು ನೋಡಬೇಕು. 1939ರ ನವೆಂಬರ್ 30ರಂದು ಸೋವಿಯತ್ ಸೇನೆ ಅವನ ನಾಡಿನ ಮೇಲೆ ಬಿತ್ತು. ಕೊಲ್ಲಾ ಎಂಬಲ್ಲಿನ ಹಿಮದಲ್ಲಿ, ಸೊನ್ನೆಗಿಂತ ಬಹಳ ಕೆಳಗಿನ ಚಳಿಯಲ್ಲಿ ಅವನು ಹೋರಾಡಿದ. ಉಸಿರಿನ ಹಬೆ ಕಾಣದಿರಲೆಂದು ಬಾಯಲ್ಲಿ ಹಿಮ ಇಟ್ಟುಕೊಳ್ಳುತ್ತಿದ್ದನಂತೆ. ರೈಫಲ್ಲಿಗೆ ದೂರದರ್ಶಕವನ್ನೇ ಹಾಕಿಸಿಕೊಳ್ಳಲಿಲ್ಲ. ಗಾಜು ಮಂಜುಗಟ್ಟುತ್ತದೆ, ಬಿಸಿಲಿಗೆ ಹೊಳೆಯುತ್ತದೆ, ತಲೆಯನ್ನು ತುಸು ಮೇಲೆತ್ತಬೇಕಾಗುತ್ತದೆ. ನೂರು ದಿನಕ್ಕೂ ಕಡಿಮೆ ಅವಧಿಯಲ್ಲಿ ಸುಮಾರು ಐನೂರು ಮಂದಿ. 1940ರ ಮಾರ್ಚ್ 6ರಂದು ಅವನ ದವಡೆಯೇ ಗುಂಡಿಗೆ ಹಾರಿಹೋಯಿತು. ಎಚ್ಚರ ಬಂದದ್ದು 13ರಂದು, ಯುದ್ಧ ಮುಗಿದ ದಿನ. ಅವನ ಹೊಲ ಒಪ್ಪಂದದಲ್ಲಿ ಸೋವಿಯತ್ ಪಾಲಾಯಿತು. ಅವನು ಬೇರೆ ಊರಿನಲ್ಲಿ ಬೇಸಾಯ ಹೂಡಿ, ನಾಯಿಗಳನ್ನು ಸಾಕುತ್ತ, ಮೂಸ್ ಬೇಟೆಯಾಡುತ್ತ 2002ರವರೆಗೆ, ತೊಂಬತ್ತಾರು ತುಂಬುವ ತನಕ ಬದುಕಿದ. ಕೇಳಿದವರಿಗೆ ಹೇಳುತ್ತಿದ್ದದ್ದು ಇಷ್ಟೇ: ಹೇಳಿದ್ದನ್ನು ಕೈಲಾದಷ್ಟು ಚೆನ್ನಾಗಿ ಮಾಡಿದೆ. ಪಶ್ಚಾತ್ತಾಪದ ಮಾತಿಲ್ಲ, ಹೆಮ್ಮೆಯ ಮಾತೂ ಇಲ್ಲ. ಆದರೆ ಯುದ್ಧದ ಬೆನ್ನಲ್ಲೇ ಅವನು ಬರೆದಿಟ್ಟಿದ್ದ ನೆನಪುಗಳ ಪುಸ್ತಕವೊಂದು 2017ರಲ್ಲಿ ಸಿಕ್ಕಿತು. ಆ ಐನೂರರ ಲೆಕ್ಕವನ್ನು ಅವನು ಅಲ್ಲಿ ತನ್ನ ಪಾಪಗಳ ಪಟ್ಟಿ ಎಂದು ಕರೆದಿದ್ದಾನೆ.