ಹಳೆಯ ಗೀಸರು ಮತ್ತು ಶ್ರಾವಕನ ವಿವೇಕ

ಬೀದರ ಸೀಮೆಯ ಚಳಿ ರಾಜ್ಯದ ಇತರ ಬಯಲು ಪ್ರದೇಶದವರಿಗೆ ಅಷ್ಟಾಗಿ ಪರಿಚಿತವಲ್ಲ. ಸಮುದ್ರಮಟ್ಟದಿಂದ ಸುಮಾರು 700 ಮೀಟರು ಎತ್ತರದ ಈ ಪ್ರಸ್ಥಭೂಮಿಯಲ್ಲಿ ಡಿಸೆಂಬರ್, ಜನವರಿ ತಿಂಗಳ ಬೆಳಗಿನ ಉಷ್ಣತೆ 10 ಡಿಗ್ರಿಗಿಂತಲೂ ಕೆಳಗಿಳಿಯುವುದುಂಟು. ಹೊತ್ತು ಮೂಡುವ ವೇಳೆಗೆ ಸ್ನಾನ ಮುಗಿಸಿ, ಮಡಿವಸ್ತ್ರ ಧರಿಸಿ ಅಭಿಷೇಕಕ್ಕೆ ನಿಲ್ಲಬೇಕಾದ ಶ್ರಾವಕನಿಗೆ ಬಿಸಿನೀರು ಭೋಗವೂ ಹೌದು, ಸಾಧನವೂ ಹೌದು. ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅಸ್ನಾನವೂ ಒಂದಾದುದರಿಂದ ಅವರಿಗೆ ಈ ಚಿಂತೆಯಿಲ್ಲ. ಚಿಂತೆ ಗೃಹಸ್ಥನದು.

ಹಿಂದೆ ಬಚ್ಚಲುಮನೆಯಲ್ಲಿ ತಾಮ್ರದ ಹಂಡೆ ಹೂಳಿರುತ್ತಿತ್ತು. ಅದರ ತಳ ಸವೆದರೆ ಕಂಚುಗಾರನು ಹೊಸ ತಳ ಕೂಡಿಸಿಕೊಡುತ್ತಿದ್ದನು. ಅಜ್ಜನ ಹಂಡೆ ಮೊಮ್ಮಗನಿಗೂ ನೀರು ಕಾಯಿಸುತ್ತಿತ್ತು. ದುರಸ್ತಿಯೋ ಹೊಸದೋ ಎಂಬ ಪ್ರಶ್ನೆ ಆಗ ಬಹುಮಟ್ಟಿಗೆ ಹುಟ್ಟುತ್ತಲೇ ಇರಲಿಲ್ಲ. ಆದರೆ ಆ ಕಾಲವನ್ನು ಅತಿಯಾಗಿ ಹೊಗಳಬೇಕಾಗಿಲ್ಲ. ಸೌದೆಯೊಳಗಿನ ಹುಳು ಇರುವೆಗಳು ಎಷ್ಟು ಕೊಡವಿದರೂ ಪೂರ್ತಿ ಬಿಡುತ್ತಿರಲಿಲ್ಲ. ಒಲೆಯ ಹೊಗೆ ಮನೆಯ ಹೆಂಗಸರ ಕಣ್ಣು, ಎದೆಗಳನ್ನು ಸುಟ್ಟಿತು. ತ್ರಸಜೀವಿಗಳ ಹಿಂಸೆಯ ದೃಷ್ಟಿಯಿಂದ ಗ್ಯಾಸ್ ಗೀಸರು ಹಂಡೆಯ ಒಲೆಗಿಂತ ಮೇಲೆಂದೇ ಹೇಳಬೇಕು.

ಮನ್ನಳ್ಳಿಯ ಕಡೆಯ ಒಂದು ಶ್ರಾವಕ ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಹತ್ತು ಹನ್ನೆರಡು ವರ್ಷ ದುಡಿದ ಗೀಸರು ಈಗ ಒಮ್ಮೆಗೆ ಹೊತ್ತಿಕೊಳ್ಳುವುದಿಲ್ಲ. ನೀರು ಮೊದಲಿನಂತೆ ಬಿಸಿಯಾಗುವುದಿಲ್ಲ. ಜ್ವಾಲೆಯ ನೀಲಿ ಬಣ್ಣ ಹಳದಿಗೆ ತಿರುಗಿದೆ. ಮನೆಯ ಹಿರಿಯರು ದುರಸ್ತಿ ಮಾಡಿಸಿದರಾಯಿತು ಎನ್ನುತ್ತಾರೆ, ಅಪರಿಗ್ರಹದ ಮಾತನ್ನೂ ಎತ್ತುತ್ತಾರೆ. ಮಗನು ಹೊಸದನ್ನು ತರೋಣ ಎನ್ನುತ್ತಾನೆ. ಮೇಲ್ನೋಟಕ್ಕೆ ಹಿರಿಯರದು ಧರ್ಮ, ಮಗನದು ಮೋಹ ಎಂಬಂತೆ ತೋರುತ್ತದೆ. ವಿಷಯ ಅಷ್ಟು ಸರಳವಲ್ಲ.

ಹಿರಿಯರ ಪಕ್ಷದಲ್ಲಿ ಬಲವಿಲ್ಲದಿಲ್ಲ. ಹೊಸ ಯಂತ್ರವೆಂದರೆ ಹೊಸ ತಾಮ್ರ, ಹೊಸ ಕಬ್ಬಿಣ. ಅಂದರೆ ಗಣಿ, ಕುಲುಮೆ, ಸಾಗಾಟ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜೀವಾಧಿಕರಣವನ್ನು ವಿವರಿಸುತ್ತ ಸಂರಂಭ, ಸಮಾರಂಭ, ಆರಂಭಗಳನ್ನು ಮನೋವಚನಕಾಯಗಳೊಡನೆಯೂ, ಕೃತ, ಕಾರಿತ, ಅನುಮತಗಳೊಡನೆಯೂ, ನಾಲ್ಕು ಕಷಾಯಗಳೊಡನೆಯೂ ಗುಣಿಸಿದ್ದಾರೆ. ಹೀಗೆ 108 ಭೇದಗಳಾಗುತ್ತವೆ. ಕೊಳ್ಳುವವನು ಕುಲುಮೆಗೆ ಕೈಹಾಕಲಿಲ್ಲವೆಂದ ಮಾತ್ರಕ್ಕೆ ಕಾರಿತ, ಅನುಮತಗಳಿಂದ ಪಾರಾಗಲಾರನು. ಆದುದರಿಂದ ಒಂದು ವಾಷರು, ಒಂದು ಡಯಾಫ್ರಮ್, ಎರಡು ಬ್ಯಾಟರಿ ಸೆಲ್ಲುಗಳಿಂದ ಮುಗಿಯುವ ಕೆಲಸಕ್ಕೆ ಇಡೀ ಯಂತ್ರವನ್ನು ಬದಲಿಸುವುದು ಶ್ರಾವಕನಿಗೆ ಸಲ್ಲದು. ಗಡಸು ನೀರಿರುವ ಕಡೆ ತಾಮ್ರದ ಕೊಳವೆಯೊಳಗೆ ಸುಣ್ಣದ ಪದರ ಕಟ್ಟಿ ಶಾಖ ನೀರಿಗೆ ತಲುಪದಂತಾಗುತ್ತದೆ. ಇದನ್ನು ಯಂತ್ರದ ಮುಪ್ಪೆಂದು ತಿಳಿಯುವವರು ಬಹಳ. ಆಮ್ಲದ ದ್ರಾವಣದಿಂದ ತೊಳೆಯಿಸಿದರೆ ಎಷ್ಟೋ ಗೀಸರುಗಳು ಸರಿಹೋಗುತ್ತವೆ.

ಆದರೆ ಹಳದಿ ಜ್ವಾಲೆಯ ಮಾತೇ ಬೇರೆ. ಗಾಳಿ ಸಾಲದೆ ಅನಿಲವು ಪೂರ್ತಿಯಾಗಿ ಉರಿಯುತ್ತಿಲ್ಲವೆಂಬುದಕ್ಕೆ ಅದು ಸೂಚನೆ. ಆಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಅನಿಲಕ್ಕೆ ಸೇರಿಸಿರುವ ದುರ್ಗಂಧ ಸೋರಿಕೆಯನ್ನು ಸಾರಿ ಹೇಳುತ್ತದೆ. ಈ ವಿಷ ಹೇಳುವುದಿಲ್ಲ. ರಕ್ತದಲ್ಲಿ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲದಿಂದ ಅಂಟಿಕೊಳ್ಳುತ್ತದೆ. ಸ್ನಾನಕ್ಕೆ ಕುಳಿತವನಿಗೆ ತಲೆ ಸುತ್ತುತ್ತದೆ, ಬಾಗಿಲಿನ ಚಿಲಕ ತೆಗೆಯುವಷ್ಟು ಶಕ್ತಿ ಉಳಿಯುವುದಿಲ್ಲ. 2025ರ ಅಕ್ಟೋಬರಿನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಇಬ್ಬರು ಸಹೋದರಿಯರು ಗೀಸರಿನ ಅನಿಲದಿಂದ ಮೃತಪಟ್ಟರೆಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಅನೇಕರು ಓದಿರಬಹುದು.

ಇಲ್ಲಿ ಹಿರಿಯರ ವಾದ ಕುಸಿಯುತ್ತದೆ. ಗಣಿಯ ಪೃಥ್ವೀಕಾಯಿಕ ಜೀವಿಗಳ ಲೆಕ್ಕವನ್ನು ಮುಂದಿಟ್ಟುಕೊಂಡು, ಸ್ನಾನಕ್ಕೆ ಹೋದ ಪಂಚೇಂದ್ರಿಯ ಮನುಷ್ಯಜೀವಿಯನ್ನು ಅಪಾಯಕ್ಕೆ ಒಡ್ಡುವುದು ಅಹಿಂಸೆಯಾಗದು. ಅಪರಿಗ್ರಹವೂ ಆಗದು, ಏಕೆಂದರೆ ಮೂರ್ಛೆಯೇ ಪರಿಗ್ರಹವೆಂಬುದು ಅದೇ ಆಚಾರ್ಯರ ನಿರ್ಣಯ. ಹೊಸದರ ಮೇಲಿನ ಆಸೆ ಮೂರ್ಛೆಯಾದರೆ, ಕೈಯಿಂದ ಹಣ ಬಿಡಲಾರದೆ ಹಳೆಯದನ್ನು ಅಪ್ಪಿಕೊಂಡಿರುವುದೂ ಮೂರ್ಛೆಯೇ. ಇದರ ಮೇಲೆ ಇಷ್ಟು ಖರ್ಚು ಮಾಡಿ ಆಗಿದೆ, ಈಗ ಹೇಗೆ ಬಿಡುವುದು ಎಂಬ ಮಾತು ವ್ಯಾಪಾರಿಯ ಬಾಯಲ್ಲಿ ಬರಬಾರದು. ಹೋದ ಹಣ ಕೀರ್ದಿ ಪುಸ್ತಕದಲ್ಲಿ ಖರ್ಚಾಗಿ ಕುಳಿತಿದೆ; ನಾಳಿನ ನಿರ್ಧಾರದಲ್ಲಿ ಅದಕ್ಕೆ ಮತದಾನದ ಹಕ್ಕಿಲ್ಲ.

ಮಗನ ಪಕ್ಷವೂ ಪೂರ್ತಿ ಗೆಲ್ಲುವುದಿಲ್ಲ. ಅಜೀವಾಧಿಕರಣದ ನಾಲ್ಕು ಭೇದಗಳಲ್ಲಿ ನಿಕ್ಷೇಪವೆಂಬುದೊಂದು. ನೋಡದೆ, ಅವಸರದಿಂದ ವಸ್ತುವನ್ನಿಡುವುದೂ ಅದರಲ್ಲಿ ಸೇರಿದೆ. ಕಿಟಕಿಯಿಲ್ಲದ ಬಚ್ಚಲಿನೊಳಗೆ ತೂಗುಹಾಕಿದ ಹೊಚ್ಚಹೊಸ ಗೀಸರು, ಹೊರಗೋಡೆಗೆ ಕೂಡಿಸಿದ ಹಳೆಯದಕ್ಕಿಂತ ಅಪಾಯಕರ. ಹಳೆಯದು ತೂಗುತ್ತಿದ್ದ ಮೊಳೆಗೇ ಹೊಸದನ್ನು ತೂಗುಹಾಕಿದರೆ ದುಡ್ಡು ಹೋಯಿತೇ ಹೊರತು ದೋಷ ಹೋಗಲಿಲ್ಲ. ಯಂತ್ರವನ್ನು ಬಚ್ಚಲಿನ ಹೊರಗೆ ಕೂಡಿಸಬೇಕು. ಒಳಗೆ ನೀರಿನ ಕೊಳವೆ ಮಾತ್ರ ಬರಬೇಕು. ರಬ್ಬರು ನಳಿಕೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಇಷ್ಟನ್ನು ಮಾಡಿದ ಮೇಲೆ ಹಳೆಯ ಯಂತ್ರವನ್ನು ಬಲ್ಲವನೊಬ್ಬನಿಂದ ಬಿಚ್ಚಿಸಿ ನೋಡಬೇಕು. ಮಸಿ ತೆಗೆದಾಗ ಜ್ವಾಲೆ ನೀಲಿಯಾಗಿ ನಿಂತರೆ ಅದು ಇನ್ನೂ ಕೆಲವು ಚಳಿಗಾಲ ದುಡಿಯಲಿ. ಬರ್ನರು ತುಕ್ಕು ತಿಂದಿದ್ದರೆ, ಕೊಳವೆ ತೂತುಬಿದ್ದಿದ್ದರೆ, ಜ್ವಾಲೆ ಆರಿದಾಗ ಅನಿಲವನ್ನು ನಿಲ್ಲಿಸುವ ವ್ಯವಸ್ಥೆ ಕೆಟ್ಟಿದ್ದರೆ ತೇಪೆ ಹಾಕಿಸುವ ಮಾತು ಬೇಡ.

ಮಂದಿರಗಳ ಯಾತ್ರಿನಿವಾಸಗಳಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣ. ಮನೆಯಲ್ಲಾದರೆ ಅಪಾಯವನ್ನು ಲೆಕ್ಕ ಹಾಕುವವನೂ ಸ್ನಾನಕ್ಕಿಳಿಯುವವನೂ ಒಂದೇ ಕುಟುಂಬದವರು. ಟ್ರಸ್ಟಿನಲ್ಲಿ ಹಾಗಲ್ಲ. ಸಭೆಯಲ್ಲಿ ಕುಳಿತು ಈ ವರ್ಷ ನಡೆಯಲಿ ಎಂದು ಠರಾವು ಮಾಡುವವರು ತಮ್ಮ ಮನೆಯಲ್ಲಿ ಮಿಂದು ಬಂದಿರುತ್ತಾರೆ. ಬಚ್ಚಲಿನ ಚಿಲಕ ಹಾಕಿಕೊಳ್ಳುವ ಯಾತ್ರಿಕನಿಗೆ ಆ ಯಂತ್ರದ ಚರಿತ್ರೆ ತಿಳಿದಿರುವುದಿಲ್ಲ. ಅದರ ಮೇಲೆ ದಾನಿಯ ಹೆಸರಿನ ಫಲಕವಿದ್ದರಂತೂ ಮುಗಿಯಿತು, ಗೀಸರು ಸತ್ತರೂ ಫಲಕಕ್ಕಾಗಿ ಅದನ್ನು ಉಳಿಸಿಕೊಳ್ಳುತ್ತಾರೆ. ಫಲಕವನ್ನು ಬಿಚ್ಚಿ ಗೋಡೆಗೆ ಕೂಡಿಸಿದರೆ ದಾನಿಯ ಪುಣ್ಯಕ್ಕೇನೂ ಕೊರತೆಯಾಗದು.

ಇನ್ನುಳಿದದ್ದು ತೆಗೆದ ಹಳೆಯ ಗೀಸರಿನ ಗತಿ. ನಮ್ಮ ಮನೆಗಳಲ್ಲಿ ಅದು ಸಾಮಾನ್ಯವಾಗಿ ಕೆಲಸದವಳಿಗೋ ಅಂಗಡಿಯ ಆಳಿಗೋ ಹೋಗುತ್ತದೆ, ಕೊಟ್ಟವರಿಗೆ ದಾನ ಮಾಡಿದ ತೃಪ್ತಿಯೂ ಸಿಗುತ್ತದೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ಹಿಂಸಾದಾನ ಒಂದು. ಹಿಂಸೆಗೆ ಕಾರಣವಾಗುವ ವಸ್ತುಗಳನ್ನು ಇತರರಿಗೆ ಕೊಡುವುದೆಂದು ಅದರ ಅರ್ಥ. ಖಡ್ಗ, ಕೊಡಲಿಗಳ ಸಾಲಿನಲ್ಲಿ ಬೆಂಕಿಯೂ ಅಲ್ಲಿ ಎಣಿಕೆಯಾಗಿದೆ. ತನ್ನ ಮಕ್ಕಳಿಗೆ ಯೋಗ್ಯವಲ್ಲವೆಂದು ಕಳಚಿದ ಬೆಂಕಿಯ ಯಂತ್ರವನ್ನು, ಒಂದೇ ಕೋಣೆಯಲ್ಲಿ ಅಡಿಗೆ, ಸ್ನಾನ, ನಿದ್ರೆ ಎಲ್ಲವೂ ನಡೆಯುವ ಬಡವನ ಮನೆಗೆ ಕಳಿಸುವುದಕ್ಕೆ ಬೇರೆ ಹೆಸರಿಲ್ಲ. ಅವನಿಗೆ ಕೊಡಬೇಕೆಂಬ ಮನಸ್ಸಿದ್ದರೆ ದುರಸ್ತಿಗೆಂದು ತೆಗೆದಿಟ್ಟ ಹಣವನ್ನೇ ಕೊಡಬಹುದು. ಗೀಸರು ಗುಜರಿಗೆ ಹೋಗಲಿ. ತಾಮ್ರ ಕರಗಿ ಮತ್ತೆ ಬಳಕೆಗೆ ಬರುತ್ತದೆ. ಆದರೆ ಗುಜರಿಯವನ ಕೈಗೆ ಕೊಡುವ ಮುನ್ನ ಅದರ ಗ್ಯಾಸ್ ವಾಲ್ವನ್ನು ಕಳಚಿ ಸುತ್ತಿಗೆಯಿಂದ ಜಜ್ಜಿಬಿಡಬೇಕು, ಬೇರೊಂದು ಬಚ್ಚಲಿನ ಗೋಡೆಗೆ ಅದು ಮತ್ತೆ ಏರದಂತೆ.