ಶೆಟ್ಟಿಹಳ್ಳಿಯ ಚರ್ಚು ಮತ್ತು ಯೋಬನ ಜಗಳ

ಕಷ್ಟ ಬಂದಾಗ ವಿಶ್ವಾಸ ಬಿಡಬೇಡಿ ಎಂಬ ಮಾತನ್ನು ನಾವು ಭಾನುವಾರದಿಂದ ಭಾನುವಾರಕ್ಕೆ ಕೇಳುತ್ತಲೇ ಇದ್ದೇವೆ. ಸಂಘಟನೆಯ ಗೆಳೆಯರು ಇದಕ್ಕೆ ನಗುತ್ತಾರೆ. 'ನಿಮ್ಮ ಚರ್ಚೇ ಮುಳುಗೋಯ್ತಲ್ರಪ್ಪ, ಆಗ ನಿಮ್ಮ ದೇವರು ಎಲ್ಲಿದ್ದ?' ಅಂತಾರೆ. ಕೇಳಬೇಕಾದ ಪ್ರಶ್ನೆಯೇ. ಚಳವಳಿಯಲ್ಲಿ ಘೋಷಣೆ ಕೂಗಿ, ಚರ್ಚಿನಲ್ಲಿ ಮಂಡಿಯೂರುವ ಹಾಸನ ಸೀಮೆಯ ನಾವು ಇದಕ್ಕೆ ಉತ್ತರ ಕೊಡಬೇಕು.

ಶೆಟ್ಟಿಹಳ್ಳಿಯ ಚರ್ಚನ್ನು 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದರು. (ಅಬ್ಬೆ ದುಬಾಯ್ ಕಟ್ಟಿಸಿದ್ದು ಅಂತ ಹೇಳೋರಿದ್ದಾರೆ. ಆತ 1823ರಲ್ಲೇ ಇಂಡಿಯಾ ಬಿಟ್ಟು ಹೋಗಿದ್ದ.) ಗೊರೂರಿನಲ್ಲಿ ಹೇಮಾವತಿಗೆ ಅಡ್ಡಲಾಗಿ ಎದ್ದ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರು ಏರಿತು, ಜನ ಗಂಟುಮೂಟೆ ಕಟ್ಟಿದರು. ಈಗ ಮಳೆಗಾಲದಲ್ಲಿ ಚರ್ಚಿನ ಕಮಾನುಗಳು ನೀರಲ್ಲಿ, ಬೇಸಿಗೆಯಲ್ಲಿ ಬಯಲಲ್ಲಿ. ಬೆಂಗಳೂರಿನ ಜೋಡಿಗಳು ಮದುವೆಗೆ ಮುಂಚಿನ ಫೋಟೋ ತೆಗೆಸಲು ಬರುತ್ತವೆ. ಬರಲಿ ಬಿಡಿ. ಆದರೆ ಚಂದ ಕಾಣುವ ಆ ಗೋಡೆಗಳ ನಡುವೆ ಒಂದು ಊರಿನ ದೀಕ್ಷಾಸ್ನಾನ, ಮದುವೆ, ಸಾವಿನ ಪ್ರಾರ್ಥನೆ ಎಲ್ಲವೂ ನಡೆದಿದ್ದವು.

ಆ ನೀರು ಎಲ್ಲಿಗೆ ಹೋಯಿತು? ಬಲದಂಡೆಯಲ್ಲಿ ಅರಕಲಗೂಡು, ಹೊಳೆನರಸೀಪುರದ ಗದ್ದೆಗಳಿಗೆ. ಎಡದಂಡೆಯಲ್ಲಿ ಚನ್ನರಾಯಪಟ್ಟಣ ಸೀಮೆಗೆ, ಬಾಗೂರು-ನವಿಲೆ ಸುರಂಗ ದಾಟಿ ತುಮಕೂರಿಗೆ. ಒಬ್ಬರ ಮುಳುಗಡೆ ಇನ್ನೊಬ್ಬರ ಭತ್ತ. ಆ ಭತ್ತ ನಾಟಿ ಮಾಡುವ ಕೂಲಿಗಳಲ್ಲಿ ನಮ್ಮವರೂ ಇದ್ದಾರೆ. ಇದನ್ನು 'ದೇವರ ಚಿತ್ತ' ಅನ್ನುವುದನ್ನು ನಾವು ಒಪ್ಪುವುದಿಲ್ಲ. ಅದು ಸರ್ಕಾರದ ಚಿತ್ತ, ಇಂಜಿನಿಯರ ನಕ್ಷೆ. ಎಲ್ಲವನ್ನೂ ದೇವರ ತಲೆಗೆ ಕಟ್ಟಿದರೆ ಪರಿಹಾರದ ಅರ್ಜೀನ ಯಾರಿಗೆ ಕೊಡೋದು?

ಬೈಬಲಿನ ಯೋಬನನ್ನೇ ನೋಡಿ. ದನಕರು ಹೋದವು, ಮಕ್ಕಳು ಸತ್ತರು, ಮೈತುಂಬಾ ಹುಣ್ಣು. ಬೂದಿಯಲ್ಲಿ ಕೂತಿದ್ದವನ ಹತ್ತಿರ ಗೆಳೆಯರು ಬಂದು, ನೀನು ಪಾಪ ಮಾಡಿರಬೇಕು, ಅದಕ್ಕೇ ಹಿಂಗಾಯ್ತು ಅಂದರು. ಕೇರಿಯ ಜನಕ್ಕೆ ಈ ವಾದ ಹೊಸದೇ? ಹಿಂದಿನ ಜನ್ಮದ ಕರ್ಮ ಅಂತ ತಲೆತಲಾಂತರದಿಂದ ನಮಗೆ ಹೇಳಿಕೊಂಡು ಬಂದದ್ದೂ ಇದನ್ನೇ. ಯೋಬ ಒಪ್ಪಲಿಲ್ಲ. ಹುಟ್ಟಿದ ದಿನಕ್ಕೆ ಶಾಪ ಹಾಕಿದ, ಲೆಕ್ಕ ಕೊಡು ಅಂತ ದೇವರನ್ನೇ ನ್ಯಾಯಕ್ಕೆ ಕರೆದ. ದೇವರು ಅವನನ್ನೂ ಗದರಿದ, ನಿಜ. ಆದರೆ ಕೊನೆಗೆ ಸರಿಯಾಗಿ ಮಾತಾಡಿದವನು ಯೋಬ ಎಂದು ಹೇಳಿ, ತನ್ನ ಪರವಾಗಿ ವಕಾಲತ್ತು ಮಾಡಿದ ಆ ಗೆಳೆಯರ ಮೇಲೇ ಸಿಟ್ಟಾದ. ಪಾದ್ರಿಗಳು ಮಾತ್ರ ಮೊದಲೆರಡು ಅಧ್ಯಾಯದ ತಾಳ್ಮೆಯನ್ನಷ್ಟೇ ನಮಗೆ ಓದಿಸುತ್ತಾರೆ. ಆಮೇಲಿನದೆಲ್ಲ ಜಗಳ. ನಂಟು ಹರಿದುಕೊಂಡವನು ಜಗಳ ಆಡುವುದಿಲ್ಲ ಸ್ವಾಮಿ, ಎದ್ದು ಹೋಗುತ್ತಾನೆ. ನಾವು ಹಿಡಿದುಕೊಂಡಿರುವುದು ಆ ನಂಟನ್ನು.

ಹಾಗಾದರೆ ಇದು ಅಫೀಮು ಅಲ್ಲವೇ? ನೋಡೋಣ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಯನ್ನು ಹಿಂದೂಗಳಿಗೆ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು ಇವತ್ತಿಗೂ ಹೊರಗೆ. ಈ ನಿರ್ಬಂಧ ತೆಗೆಯಿರಿ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಹೇಳಿದರೂ ಆಗಲಿಲ್ಲ. ಊರಿಗೆ ಹೊಲೆಯ, ಕಚೇರಿಗೆ ಕ್ರೈಸ್ತ. ಚರ್ಚಿನೊಳಗಾದರೂ ಸಮಾನನೇ ಎಂದರೆ, ಅಲ್ಲೂ ಜಾತಿ ಇದೆಯೆಂದು ಕಥೋಲಿಕ ಬಿಷಪ್ಪರ ಮಂಡಳಿಯೇ 2016ರ ತನ್ನ ನೀತಿಯಲ್ಲಿ ಒಪ್ಪಿಕೊಂಡಿದೆ. ಅಫೀಮು ತಿಂದವನಿಗೆ ಮತ್ತಾದರೂ ಏರುತ್ತದೆ. ಇವನಿಗೆ ಇರುವ ಮೀಸಲಾತಿಯೇ ಹೋಗುತ್ತದೆ. ಆದರೂ ಬಿಡದವನನ್ನು ಮಂಪರಿನಲ್ಲಿದ್ದಾನೆ ಅನ್ನಲು ನಮಗೆ ಬಾಯಿ ಬರದು. ಕಾಗದದಲ್ಲಿ ಹಿಂದೂ ಎಂದು ಬರೆಸಿ ಮನೆಯಲ್ಲಿ ಜಪಸರ ಹಿಡಿಯುವವರನ್ನೂ ನಾವು ಹಳಿಯುವುದಿಲ್ಲ. ಹೊಟ್ಟೆಪಾಡು ಯಾರನ್ನು ಬಿಟ್ಟಿದೆ?

ಬಿಡಲೇಬೇಕಾದ ವಿಶ್ವಾಸವೂ ಒಂದಿದೆ. ಗಂಡನಿಂದ ಒದೆ ತಿಂದು ಬಂದ ಹೆಂಗಸಿಗೆ 'ನಿನ್ನ ಶಿಲುಬೆ ನೀನು ಹೊರಮ್ಮ' ಎನ್ನುವ ವಿಶ್ವಾಸ ಅದು. ಯೇಸು ಆ ಮರವನ್ನು ಹುಡುಕಿಕೊಂಡು ಹೋಗಲಿಲ್ಲ. ಅವನನ್ನು ಅದಕ್ಕೆ ಹೊಡೆದವರು ರೋಮಿನ ಸಿಪಾಯಿಗಳು. ಸಾಯುವಾಗ ಅವನೂ ತಂದೆಯನ್ನು, ನನ್ನನ್ನೇಕೆ ಕೈಬಿಟ್ಟೆ ಅಂತಲೇ ಕೇಳಿದ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಶುರುಮಾಡಿದ ದಲಿತ ದೇವಶಾಸ್ತ್ರದ ಚರ್ಚೆ ಈ ನೋವಿನ ಕಡೆಯಿಂದಲೇ ಯೇಸುವನ್ನು ನೋಡಿತು. ನಲವತ್ತು ವರ್ಷ ದಾಟಿದರೂ ಅದು ನಮ್ಮ ಹಳ್ಳಿಯ ಚರ್ಚುಗಳ ಬಾಗಿಲಿಗೆ ಬಂದಿಲ್ಲ.

ಬರುವ ತಪಸ್ಸು ಕಾಲದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಪಾದ್ರಿಗಳು ಯೋಬನ ಮೂರನೆಯ ಅಧ್ಯಾಯವನ್ನು ಪೂರ್ತಿ ಓದಿಸಲಿ ಎಂದು ಕೇಳುತ್ತೇವೆ. ನಗುವ ಗೆಳೆಯರೂ ಅವತ್ತು ಬಂದು ಹಿಂದಿನ ಬೆಂಚಿನಲ್ಲಿ ಕೂರಲಿ. ಅಲ್ಲಿ ಯಾರು ಕೂರುತ್ತಾರೆ ಅನ್ನೋದೂ ಅವರಿಗೆ ಕಾಣುತ್ತದೆ.